ಅಡ್ಡಾ, ಚೌಕ್, ಮಂಡಿ ಮತ್ತು ನಮ್ಮ ‘ಕೇಂದ್ರ’

ಬೆಂಗಳೂರಿನ ಯಾವ ಪತ್ರಿಕೆಯನ್ನೇ ಬಿಚ್ಚಿ, ಮುಖಪುಟದ ಒಂದಲ್ಲ ಒಂದು ಮೂಲೆಯಲ್ಲಿ ‘ಕೇಂದ್ರ’ ಕೂತಿರುತ್ತದೆ. ಕೇಂದ್ರದ ಮಲತಾಯಿ ಧೋರಣೆ, ಕೇಂದ್ರಕ್ಕೆ ಸರ್ವಪಕ್ಷ ನಿಯೋಗ, ಬರ ಪರಿಹಾರಕ್ಕೆ ಕೇಂದ್ರದ ಮೊರೆ. ಇಲ್ಲೆಲ್ಲ ಕೇಂದ್ರ ಅಂದರೆ ದಿಲ್ಲಿ, ಬೇರೆ ವಿವರಣೆ ಬೇಕಾಗಿಲ್ಲ. ದಿಲ್ಲಿ ಕಡೆ ನೌಕರಿಯಲ್ಲಿರುವವರು ಊರಿಗೆ ಹೋದರೆ ನೆಂಟರು, “ನಿಮಗೇನಪ್ಪಾ, ಕೇಂದ್ರದಲ್ಲೇ ಇದ್ದೀರಿ” ಅನ್ನುತ್ತಾರೆ. ಹಾಗೆ ಹೇಳಿಸಿಕೊಳ್ಳುವ ಮನುಷ್ಯ ನಿಜದಲ್ಲಿ ಗಾಜಿಯಾಬಾದಿನ ಒಂದು ಸೊಸೈಟಿಯ ಹನ್ನೊಂದನೇ ಮಹಡಿಯಲ್ಲಿ, ಉತ್ತರ ಪ್ರದೇಶದ ಕರೆಂಟ್ ಬಿಲ್ ಕಟ್ಟಿಕೊಂಡು, ದಿನಾ ಮೂರು ತಾಸು ಮೆಟ್ರೋದಲ್ಲಿ ನೇತಾಡಿಕೊಂಡು ಬದುಕುತ್ತಿರುತ್ತಾನೆ. ಅವನ ಬಾಯಲ್ಲಿ ಕೇಂದ್ರ ಅನ್ನುವ ಶಬ್ದ ವರ್ಷಕ್ಕೊಂದು ಸಲವೂ ಬರುವುದಿಲ್ಲ.

ಶಬ್ದದ ಹುಟ್ಟನ್ನು ನೋಡಿದರೆ ಇದು ಆಶ್ಚರ್ಯವಲ್ಲ. ಗ್ರೀಕರ ‘ಕೆಂಟ್ರಾನ್’ ಅಂದರೆ ಚುಚ್ಚುವ ಮೊನೆ. ವೃತ್ತ ಎಳೆಯುವಾಗ ಕೈವಾರದ ಮುಳ್ಳು ಊರುವ ಚುಕ್ಕೆ. ಅದು ಜ್ಯೋತಿಷ್ಯದ ಜೊತೆ ಸಂಸ್ಕೃತಕ್ಕೆ ಬಂದು ಕೇಂದ್ರವಾಯಿತು. ನಮ್ಮ ಜೋಯಿಸರು ಇವತ್ತಿಗೂ ಜಾತಕದ ಒಂದು, ನಾಲ್ಕು, ಏಳು, ಹತ್ತನೇ ಮನೆಗಳಿಗೆ ಕೇಂದ್ರ ಅನ್ನುತ್ತಾರೆ. ಅಂದರೆ ಇದು ದೂರದಲ್ಲಿ ನಿಂತು ನಕ್ಷೆ ನೋಡುವವನ ಮಾತು. ಚುಕ್ಕೆಯ ಮೇಲೆ ಯಾರೂ ಕೂತು ಬೀಡಿ ಹಚ್ಚುವುದಿಲ್ಲ, ಎಮ್ಮೆ ವ್ಯಾಪಾರ ಮಾಡುವುದಿಲ್ಲ, ಜಗಳ ಆಡುವುದಿಲ್ಲ. ಸರ್ಕಾರಕ್ಕೆ ಆ ಹೆಸರು ಇಟ್ಟುಕೊಳ್ಳಲಿ, ಬೇಡ ಅಂದವರು ಯಾರು? ನನ್ನ ತಕರಾರು ಬೇರೆ. ಜನ ತಾವಾಗಿ ಬಂದು ಸೇರಿ, ಕೊಂಡು, ಮಾರಿ, ಹರಟಿ ಒಂದು ಜಾಗವನ್ನು ಜಾಗ ಮಾಡುತ್ತಾರಲ್ಲ, ಅದಕ್ಕೂ ಕನ್ನಡದಲ್ಲಿ ನಾವು ಈ ಮೊನೆಯನ್ನೇ ಚುಚ್ಚುತ್ತ ಬಂದಿದ್ದೇವೆ. ಇದು ದಿಲ್ಲಿಯ ಮಾತುಗಳ ನಡುವೆ ಇದ್ದಾಗಲೇ ಹೆಚ್ಚು ಕಣ್ಣಿಗೆ ಬೀಳುತ್ತದೆ.

ಮೊದಲು ಅಡ್ಡಾ. ಕರ್ನಾಟಕದಿಂದ ಹೊಸದಾಗಿ ಬಂದವರು ಪಾಲಂ ಕಡೆ ರಸ್ತೆಯ ಹಸಿರು ಬೋರ್ಡಿನಲ್ಲಿ ‘ಹವಾಯೀ ಅಡ್ಡಾ’ ಎಂದು ಓದಿ ನಗದೇ ಇರುವುದಿಲ್ಲ. ನಮಗೆ ಗೊತ್ತಿರುವ ಹವಾಯಿ ಅಂದರೆ ಚಪ್ಪಲಿ, ಅಡ್ಡೆ ಅಂದರೆ ಇಸ್ಪೀಟಿನದು. ‘ಜೂಜು ಅಡ್ಡೆ ಮೇಲೆ ಪೊಲೀಸರ ದಾಳಿ, ಹನ್ನೆರಡು ಮಂದಿ ಸೆರೆ’ ಎಂಬ ಒಂದು ಕಾಲಂ ಸುದ್ದಿಯಲ್ಲಷ್ಟೇ ಕನ್ನಡದ ಅಡ್ಡೆ ಬದುಕಿರುವುದು. ಕಾಶ್ಮೀರಿ ಗೇಟಿನಲ್ಲಿ 1976ರಲ್ಲಿ ಶುರುವಾದ ಅಂತರರಾಜ್ಯ ಬಸ್ ನಿಲ್ದಾಣಕ್ಕೆ ಮಹಾರಾಣಾ ಪ್ರತಾಪನ ಹೆಸರಿದೆ, ಆದರೆ ಹರಿಯಾಣದಿಂದ ಬರುವ ಹೆಂಗಸು ಕೇಳುವುದು “ಬಸ್ ಅಡ್ಡಾ ಕಿಧರ್ ಹೈ?” ಎಂದೇ. ಹಿಂದಿಯಲ್ಲಿ ಹಕ್ಕಿ ಬಂದು ಕೂರುವ ಕೋಲಿಗೂ ಅಡ್ಡಾ ಅನ್ನುತ್ತಾರೆ. ಜರ್ದೋಸಿ ಕೆಲಸದವರು ಬಟ್ಟೆ ಬಿಗಿದು, ಸುತ್ತ ನಾಲ್ಕಾರು ಜನ ಕೂತು ಹೊಲಿಯುವ ಮರದ ಚೌಕಟ್ಟಿಗೂ ಅದೇ ಹೆಸರು. ಬಂಗಾಳಿಗಳಿಗಂತೂ ಅಡ್ಡಾ ಅಂದರೆ ಹರಟೆಯೇ. ಚಿತ್ತರಂಜನ್ ಪಾರ್ಕಿನ ಮೀನು ಮಾರ್ಕೆಟ್ಟಿನ ಪಕ್ಕ ಸಂಜೆ ನಿಂತರೆ ಅದು ಏನೆಂದು ಅರ್ಥವಾಗುತ್ತದೆ. ಕೂರುವುದು, ಕೂಡುವುದು, ಮತ್ತೆ ಏಳುವುದು, ಮೂರೂ ಆ ಒಂದು ಮಾತಿನಲ್ಲಿ ಸಲೀಸಾಗಿ ಹಿಡಿಸುತ್ತವೆ. ನಾವು ಮಾಡಿಕೊಂಡ ‘ನಿಲ್ದಾಣ’ ಕೆಟ್ಟ ಪದವಲ್ಲ. ಆದರೆ ಅದರಲ್ಲಿ ನಿಲ್ಲುವುದು ಬಸ್ಸು, ಜನ ಅಲ್ಲ.

ಚೌಕ್ ಇನ್ನೂ ರಸವತ್ತಾದ ಮಾತು. ಸಂಸ್ಕೃತದ ಚತುಷ್ಕದಿಂದ ಬಂದದ್ದು, ನಮ್ಮ ಚೌಕ, ಚೌಕಿಗಳ ದಾಯಾದಿ. ಮಲೆನಾಡಿನವರಿಗೆ ಚೌಕಿಮನೆ ಗೊತ್ತು. ಕರಾವಳಿಯವರಿಗೆ ಯಕ್ಷಗಾನದ ಚೌಕಿ ಗೊತ್ತು. ರಂಗಸ್ಥಳ ಊರಿಗೆಲ್ಲ ಕಂಡರೂ ಇಡೀ ರಾತ್ರಿಯ ಕೆಲಸ ನಡೆಯುವುದು ಗಣಪತಿ ಪೂಜೆಯಿಂದ ಹಿಡಿದು ಬಣ್ಣ ತೆಗೆಯುವ ತನಕ ಚೌಕಿಯಲ್ಲಿ. ದಿಲ್ಲಿಯಲ್ಲಿ ಶಹಜಹಾನನ ಮಗಳು ಜಹನಾರಾ 1650ರ ಹೊತ್ತಿಗೆ ಕಟ್ಟಿಸಿದ ಬಜಾರಿನ ಮಧ್ಯೆ ಒಂದು ಎಂಟು ಮೂಲೆಯ ಚೌಕ, ಅದರ ನಡುವೆ ಕೊಳ ಇತ್ತು. ಕೊಳದಲ್ಲಿ ಬೆಳದಿಂಗಳು ಹೊಳೆಯುತ್ತಿದ್ದುದರಿಂದ ಚಾಂದನಿ ಚೌಕ್ ಎನ್ನುತ್ತಾರೆ. ಮೊದಲು ಆ ಒಂದು ಚೌಕಕ್ಕೆ ಮಾತ್ರ ಇದ್ದ ಹೆಸರು ನಿಧಾನಕ್ಕೆ ಇಡೀ ಬೀದಿಯನ್ನು ನುಂಗಿಕೊಂಡಿತು. ಕೊಳ ಹೋಯಿತು. ಆ ಜಾಗದಲ್ಲಿ ಇಂಗ್ಲಿಷರು ಗಡಿಯಾರ ಗೋಪುರ ಎಬ್ಬಿಸಿದರು, ಅದೂ ಕುಸಿದು ಏಳು ದಶಕ ದಾಟಿತು. ರಿಕ್ಷಾದವನು ಮಾತ್ರ “ಘಂಟಾಘರ್” ಅಂದರೆ ಇವತ್ತೂ ಅಲ್ಲಿಗೇ ತಂದು ಇಳಿಸುತ್ತಾನೆ. ನಮ್ಮ ಮೆಜೆಸ್ಟಿಕ್ ಇದ್ದ ಹಾಗೆ: ಟಾಕೀಸಿಲ್ಲ, ಧರ್ಮಾಂಬುಧಿ ಕೆರೆಯಂತೂ ಇಲ್ಲವೇ ಇಲ್ಲ, ನಿಲ್ದಾಣಕ್ಕೆ ಕೆಂಪೇಗೌಡರ ಹೆಸರಿದೆ, ಕಂಡಕ್ಟರ್ ಕೂಗುವುದು “ಮೆಜೆಸ್ಟಿಕ್, ಮೆಜೆಸ್ಟಿಕ್” ಎಂದೇ.

ಜನ ಹೆಸರು ಒಪ್ಪುವುದಕ್ಕೂ ಒಪ್ಪದೇ ಇರುವುದಕ್ಕೂ ಅವರದೇ ಒಂದು ನ್ಯಾಯ ಇರುತ್ತದೆ. ಕನಾಟ್ ಪ್ಲೇಸಿಗೆ 1995ರಲ್ಲಿ ರಾಜೀವ್ ಚೌಕ್, ಅದರ ಹೊರವರ್ತುಲಕ್ಕೆ ಇಂದಿರಾ ಚೌಕ್ ಎಂದು ಮರುನಾಮಕರಣವಾಯಿತು. ಅಂಗಡಿಗೆ ಹೋಗುವವರು ಸಿ.ಪಿ. ಅನ್ನುವುದನ್ನು ಬಿಡಲಿಲ್ಲ. 2005ರಲ್ಲಿ ನೆಲದಡಿ ಮೆಟ್ರೋ ನಿಲ್ದಾಣ ಬಂತು, ಎರಡು ಮಾರ್ಗಗಳು ಅಲ್ಲಿ ಕೂಡಿದವು, ರಾಜೀವ್ ಚೌಕ್ ಎಂಬ ಹೆಸರಿಗೆ ಆಗ ಜೀವ ಬಂತು. ಈಗ ಮೇಲೆ ಇದ್ದರೆ ಸಿ.ಪಿ., ಕೆಳಗೆ ಇಳಿದರೆ ರಾಜೀವ್ ಚೌಕ್. ನಡುವೆ ಇರುವುದು ಒಂದು ಎಸ್ಕಲೇಟರ್. ಯಾವ ಸಮಿತಿಯೂ ಕೂತು ಈ ಹಂಚಿಕೆ ಮಾಡಲಿಲ್ಲ.

ಆದರೆ ಚೌಕ್ ಎಂದ ಮಾತ್ರಕ್ಕೆ ಎಲ್ಲ ಚೌಕವೂ ಚೌಕವಲ್ಲ. ಗುಡಗಾಂವಿನ ಹೀರೋ ಹೋಂಡಾ ಚೌಕ್ ನೋಡಿ. ಹೀರೋದವರೂ ಹೋಂಡಾದವರೂ 2010ರ ಕೊನೆಯಲ್ಲೇ ಬೇರೆಯಾಗಲು ಒಪ್ಪಂದ ಮಾಡಿಕೊಂಡರು, ಹೆಸರಿನಲ್ಲಿ ಮಾತ್ರ ಇನ್ನೂ ಸಂಸಾರ ನಡೆಯುತ್ತಿದೆ. ಇಫ್ಕೋ ಚೌಕ್ ಇದೆ, ಅಲ್ಲೂ ಒಂದು ರಾಜೀವ್ ಚೌಕ್ ಇದೆ. ಮೇಲೆ ಫ್ಲೈಓವರ್, ಕೆಳಗೆ ಅಂಡರ್‌ಪಾಸ್, ನಡುವೆ ಹೆದ್ದಾರಿ. ನಿಲ್ಲಲು ಒಂದಡಿ ಜಾಗ ಇಲ್ಲದ ಈ ಕಡೆಗಳನ್ನೂ ಚೌಕ್ ಎಂದು ಕರೆಯುವಾಗ ಆ ಮಾತಿನ ಹೊಟ್ಟೆ ಬಗೆದ ಹಾಗೆ ಆಗುತ್ತದೆ. ಇದಕ್ಕೆ ಎದುರಾಗಿ ನೋಯಿಡಾ, ಗುಡಗಾಂವುಗಳಲ್ಲಿ ಲೇಬರ್ ಚೌಕ್ ಎಂಬುವು ಇವೆ. ಬೆಳಿಗ್ಗೆ ಏಳಕ್ಕೆ ಕರಣೆ, ಬಣ್ಣದ ಬ್ರಷ್ಷು, ಬಕೆಟ್ಟು ಹಿಡಿದು ನೂರಾರು ಜನ ನಿಂತಿರುತ್ತಾರೆ. ಒಂದು ಗಾಡಿ ನಿಂತರೆ ಹತ್ತು ಜನ ಮುತ್ತುತ್ತಾರೆ, ಇಬ್ಬರು ಹತ್ತಿಕೊಳ್ಳುತ್ತಾರೆ. ಹತ್ತು ಗಂಟೆಯ ಮೇಲೆ ಉಳಿದವರ ಮುಖ ನೋಡಲಾಗುವುದಿಲ್ಲ. ಆ ಹೆಸರನ್ನು ಅಲ್ಲಿ ನಿಂತವರೇ ಬಾಯಿಂದ ಬಾಯಿಗೆ ಕೊಟ್ಟುಕೊಂಡದ್ದು. ಇದನ್ನೇ ನಮ್ಮಲ್ಲಿ ಒಂದು ಇಲಾಖೆ ಕೈಗೆತ್ತಿಕೊಂಡಿದ್ದರೆ ‘ಕಾರ್ಮಿಕ ಸಂಪರ್ಕ ಕೇಂದ್ರ’ ಎಂದು ಬೋರ್ಡು ಬರೆಸುತ್ತಿತ್ತು, ಅದರ ಕೆಳಗೆ ಕಾರ್ಮಿಕರು ನಿಲ್ಲಬಾರದು ಎಂದೂ ಬರೆಸುತ್ತಿತ್ತು.

ಮಂಡಿ ನಮಗೂ ಗೊತ್ತಿರುವ ಮಾತೇ. ಶಿವಮೊಗ್ಗದ ಅಡಿಕೆ ಮಂಡಿ, ಕೋಲಾರದ ಟೊಮೆಟೊ ಮಂಡಿ ಕಂಡವರಿಗೆ ಆಜಾದ್‌ಪುರ ದೊಡ್ಡದಾಗಿ ಕಾಣಬಹುದೇ ಹೊರತು ಹೊಸದಾಗಿ ಅಲ್ಲ. ಗಂಜ್ ಕೂಡ ಹಾಗೆಯೇ. ಪಹಾಡ್‌ಗಂಜ್, ದರಿಯಾಗಂಜ್ ಎಂದರೆ ಹಳೇ ಮೈಸೂರಿನವರು ಹುಬ್ಬೇರಿಸುತ್ತಾರೆ, ರಾಯಚೂರಿನ ರಾಜೇಂದ್ರ ಗಂಜಿಗೆ ಹತ್ತಿ ಹಾಕಿ ಬಂದವರು ಏರಿಸುವುದಿಲ್ಲ. ಇನ್ನು ವಾರದ ಬಜಾರುಗಳು: ಸೋಮ್ ಬಜಾರ್, ಬುಧ್ ಬಜಾರ್, ಶನಿ ಬಜಾರ್. ದಿಲ್ಲಿಯ ಪ್ರತಿ ಬಡಾವಣೆಗೂ ಅದರದೊಂದು ವಾರ ಇದೆ. ಕೊಡಗಿನ ಸೋಮವಾರಪೇಟೆ, ಶನಿವಾರಸಂತೆಗಳಿಂದ ಬಂದವರು ಇವಕ್ಕೆ ಪರಕೀಯರಾಗಲು ಸಾಧ್ಯವೇ ಇಲ್ಲ.

ಮಂಡಿ ಹೌಸ್ ಮಾತ್ರ ಮೋಸ ಮಾಡುತ್ತದೆ. ಯಾವ ಮಂಡಿ, ಈರುಳ್ಳಿಯದೋ ಆಲೂಗಡ್ಡೆಯದೋ ಎಂದು ಕೇಳಿದವರಿದ್ದಾರೆ. ಅದು ಹಿಮಾಚಲದ ಮಂಡಿ ಸಂಸ್ಥಾನದ ರಾಜರ ಬಂಗಲೆ ಇದ್ದ ಜಾಗ. ಬಂಗಲೆ ಕೆಡವಿ ದೂರದರ್ಶನದ ಕಟ್ಟಡ ಬಂತು, ಹೆಸರು ಎದುರಿನ ವೃತ್ತಕ್ಕೆ ಅಂಟಿಕೊಂಡಿತು. ಸುತ್ತ ರಾಷ್ಟ್ರೀಯ ನಾಟಕ ಶಾಲೆ, ಕಮಾನಿ, ತ್ರಿವೇಣಿ, ಶ್ರೀರಾಮ್ ಸೆಂಟರ್, ಮತ್ತು ಅಕಾಡೆಮಿಗಳಿರುವ ರವೀಂದ್ರ ಭವನ. ಕನ್ನಡಿಗರಿಗೆ ಇದು ಬೇರೆ ಯಾವ ‘ಕೇಂದ್ರ’ಕ್ಕಿಂತಲೂ ಹತ್ತಿರದ್ದಾಗಿತ್ತು. ಬಿ.ವಿ. ಕಾರಂತರು 1977ರಲ್ಲಿ ನಾಟಕ ಶಾಲೆಯ ನಿರ್ದೇಶಕರಾದರು, ಗಿರೀಶ ಕಾರ್ನಾಡರು 1988ರಲ್ಲಿ ಸಂಗೀತ ನಾಟಕ ಅಕಾಡೆಮಿಗೆ, ಅನಂತಮೂರ್ತಿಯವರು 1993ರಲ್ಲಿ ಸಾಹಿತ್ಯ ಅಕಾಡೆಮಿಗೆ, ಕಂಬಾರರು 2018ರಲ್ಲಿ ಅದೇ ಸಾಹಿತ್ಯ ಅಕಾಡೆಮಿಗೆ ಅಧ್ಯಕ್ಷರಾದರು. ಇಷ್ಟೆಲ್ಲ ನಡೆದ ಜಾಗಕ್ಕೆ ಸಾಂಸ್ಕೃತಿಕ ಕೇಂದ್ರ ಎಂದು ಯಾರೂ ಹೆಸರಿಡಲಿಲ್ಲ. “ಸಂಜೆ ಮಂಡಿ ಹೌಸಲ್ಲಿ ಸಿಗ್ತೀನಿ” ಅಂದರೆ ಸಾಕಿತ್ತು.

ದಿಲ್ಲಿಯಲ್ಲಿ ಮೇಲಿನಿಂದ ಇಳಿದ ಮಾತುಗಳಿಲ್ಲ ಎಂದಲ್ಲ. 1962ರ ಮಾಸ್ಟರ್ ಪ್ಲಾನು ಡಿಸ್ಟ್ರಿಕ್ಟ್ ಸೆಂಟರ್, ಕಮ್ಯೂನಿಟಿ ಸೆಂಟರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಹೆಸರಿಟ್ಟು ಅಂಗಡಿ ಸಮುಚ್ಚಯ ಕಟ್ಟಿಸಿತು. ಹಾಗೆ ಬಂದ ನೆಹರೂ ಪ್ಲೇಸು ಕಂಪ್ಯೂಟರ್ ರಿಪೇರಿಯವರ ದೆಸೆಯಿಂದ ಗಿಜಿಗುಡುವ ಜಾಗವಾಯಿತು, ಅದರ ಸರ್ಕಾರಿ ದರ್ಜೆ ಏನೆಂದು ಅಲ್ಲಿ ಮದರ್‌ಬೋರ್ಡ್ ಹಿಡಿದು ಓಡಾಡುವ ಹುಡುಗನಿಗೆ ಬೇಕಿಲ್ಲ. 1994ರಲ್ಲಿ ಐ.ಎನ್.ಎ. ಬಳಿ ಶುರುವಾದ ದಿಲ್ಲಿ ಹಾಟ್ ಬಗ್ಗೆ ನನಗೆ ಅಷ್ಟು ಉದಾರ ಭಾವನೆ ಇಲ್ಲ. ಹಾಟ್ ಅಂದರೆ ಸಂತೆ. ಚನ್ನಪಟ್ಟಣದ ಗೊಂಬೆಯವರಿಗೂ ನಾಗಾ ಹೆಣ್ಣುಮಕ್ಕಳಿಗೂ ಸರದಿಯ ಮೇಲೆ ಮಳಿಗೆ ಸಿಗುತ್ತದೆ, ಒಳ್ಳೆಯದೇ. ಆದರೆ ಬಾಗಿಲಲ್ಲಿ ಟಿಕೆಟ್ ಹರಿಸಿಕೊಂಡು ಒಳಗೆ ಹೋಗುವ ಸಂತೆ ಎಂಥ ಸಂತೆ? ಕೊಳ್ಳದೆ ಸುಮ್ಮನೆ ಸುತ್ತುವವನು, ಕಳೆದುಹೋದ ದನ ಹುಡುಕುವವನು, ಬೀಗರ ಊರಿನ ಸುದ್ದಿ ಕೇಳಲು ಬಂದವನು, ಇವರಿಲ್ಲದಿದ್ದರೆ ಅದು ಅಂಗಡಿಗಳ ಸಾಲು ಅಷ್ಟೇ. ದರಿಯಾಗಂಜಿನ ಫುಟ್‌ಪಾತಿನ ಮೇಲೆ ಹರಡಿಕೊಂಡಿದ್ದ ಭಾನುವಾರದ ಪುಸ್ತಕ ಬಜಾರನ್ನು 2019ರಲ್ಲಿ ಎತ್ತಿ ಆವರಣದೊಳಗೆ ಹಾಕಿದರು. ಆ ಆವರಣದ ಹೆಸರೂ ಹಾಟ್, ಮಹಿಳಾ ಹಾಟ್. ಪುಸ್ತಕ ಅವೇ, ದಾರಿಹೋಕ ಮಾತ್ರ ಕಮ್ಮಿಯಾದ.

ಈಗ ನಮ್ಮ ಕಡೆಗೆ ಬರೋಣ. ಪ್ರಾಥಮಿಕ ಆರೋಗ್ಯ ಕೇಂದ್ರ, ರೈತ ಸಂಪರ್ಕ ಕೇಂದ್ರ, ಮತ ಎಣಿಕೆ ಕೇಂದ್ರ, ಪರೀಕ್ಷಾ ಕೇಂದ್ರ, ಹೋಬಳಿ ಕೇಂದ್ರ, ಕಡೆಗೆ ಗಂಜಿ ಕೇಂದ್ರ. ಅಂಗನವಾಡಿ ಎಂಬುದರಲ್ಲಿ ಅಂಗಳವೂ ಇದೆ, ವಾಡಿಯೂ ಇದೆ, ಅದಕ್ಕೂ ಬಾಲದಲ್ಲೊಂದು ಕೇಂದ್ರ ಕಟ್ಟಿ ‘ಅಂಗನವಾಡಿ ಕೇಂದ್ರ’ ಮಾಡಿದ್ದೇವೆ. ಊರೊಂದನ್ನು ಹೊಗಳಬೇಕಾದರೆ ಅದು ‘ಚಟುವಟಿಕೆಗಳ ಕೇಂದ್ರಬಿಂದು’. ಈ ಮಾತು ಸವೆದ ಮೇಲೆ ಹಬ್ ಬಂತು: ಐ.ಟಿ. ಹಬ್, ಶಿಕ್ಷಣ ಹಬ್, ಜವಳಿ ಹಬ್. ಹಬ್ ಎಂದರೆ ಏನೆಂದು ಸೈಕಲ್ ಶಾಪಿನವನಿಗೆ ಸರಿಯಾಗಿ ಗೊತ್ತು, ಕಡ್ಡಿಗಳೆಲ್ಲ ಬಂದು ಕೂಡುವ ನಡುಗಡ್ಡೆ. ಹಬ್ ಎಂದು ಶೀರ್ಷಿಕೆ ಬರೆಯುವವರಿಗೆ ಅದು ಬರೀ ಹಣದ ಸದ್ದು. ಗುಡಗಾಂವಿನ ಸೈಬರ್ ಹಬ್ಬಿನಲ್ಲಿ ಅದೂ ಅಲ್ಲ, ತಿನ್ನುವ ಕುಡಿಯುವ ಸಾಲು ಹೋಟೆಲುಗಳು.

ಕನ್ನಡಕ್ಕೆ ಇದು ಕೈಲಾಗದ ಕೆಲಸ ಎಂದಾದರೆ ಸುಮ್ಮನಿರಬಹುದಿತ್ತು. ಕೈಲಾಗುತ್ತದೆ. ಪೋಲಿಂಗ್ ಸ್ಟೇಷನ್ನಿಗೆ ಯಾವನೋ ಪುಣ್ಯಾತ್ಮ ‘ಮತಗಟ್ಟೆ’ ಎಂದು ಕೂಡಿಸಿದ. ಸುಂಕ ವಸೂಲಿಗೆ ಸುಂಕದಕಟ್ಟೆ ಇದ್ದ ನಾಡಿನಲ್ಲಿ, ಅರಳಿಕಟ್ಟೆ, ಸೋಮಾರಿಕಟ್ಟೆಗಳ ನಾಡಿನಲ್ಲಿ, ವೋಟು ಹಾಕುವ ಜಾಗಕ್ಕೆ ಅದಕ್ಕಿಂತ ಒಳ್ಳೆಯ ಹೆಸರು ಬೇಕೆ? ಮಂಗಳೂರಿನವರು ಊರ ನಡುವಿನ ಜಾಗಕ್ಕೆ ಹಂಪನಕಟ್ಟೆ ಅನ್ನುತ್ತಾರೆ, ಸಿಟಿ ಸೆಂಟರ್ ಅನ್ನುವ ಮಾಲ್ ಬಂದ ಮೇಲೂ ಅನ್ನುತ್ತಾರೆ. ಮತಗಟ್ಟೆ ಮಾಡಿದ ಕೈಯೇ ಎಣಿಕೆಯ ದಿನ ಸೋತು ‘ಮತ ಎಣಿಕೆ ಕೇಂದ್ರ’ ಎಂದು ಬರೆದದ್ದು ಯಾಕೋ.

ದಿಲ್ಲಿಯ ಕನ್ನಡಿಗರ ಬಾಯಲ್ಲಿ ಒಂದು ವ್ಯತ್ಯಾಸ ಇನ್ನೂ ಉಳಿದಿದೆ. “ಭವನಕ್ಕೆ ಹೋಗಿದ್ದೆ” ಅಂದರೆ ಕೌಟಿಲ್ಯ ಮಾರ್ಗದ ಕರ್ನಾಟಕ ಭವನ. 2025ರಲ್ಲಿ ಅಲ್ಲಿ ಹೊಸ ಕಟ್ಟಡ ಎದ್ದಿದೆ, ಕಾವೇರಿ ಎಂದು ಹೆಸರು. ಮಂತ್ರಿಗಳು, ಶಾಸಕರು, ಅವರ ಪತ್ರ ಹಿಡಿದವರು ಬರುವ ಜಾಗ. “ಸಂಘಕ್ಕೆ ಹೋಗಿದ್ದೆ” ಅಂದರೆ ಆರ್.ಕೆ. ಪುರಂ, ರಾವ್ ತುಲಾರಾಮ್ ಮಾರ್ಗದ ದೆಹಲಿ ಕರ್ನಾಟಕ ಸಂಘ. ಅದಕ್ಕೂ ದೊಡ್ಡ ಕಟ್ಟಡವೇ ಇದೆ, ಆದರೂ ಹೆಸರಲ್ಲಿರುವುದು ಕಟ್ಟಡವಲ್ಲ, ಕೂಡಿದ ಜನ. 2023ರ ಫೆಬ್ರವರಿಯಲ್ಲಿ ತಾಲ್‌ಕಟೋರಾ ಸ್ಟೇಡಿಯಮ್ಮಿನಲ್ಲಿ ಅಮೃತಮಹೋತ್ಸವ ಆಚರಿಸಿಕೊಂಡ ಸಂಸ್ಥೆ ಇದು. ಹತ್ತಿರದ ಮೆಟ್ರೋ ನಿಲ್ದಾಣಕ್ಕೆ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರು ಸೇರಿದೆ. ಹಿಂದಿಯವರು ಮೋತಿಬಾಗ್ ಎಂದಷ್ಟೇ ಹೇಳಿ ಇಳಿಯುತ್ತಾರೆ. ಭವನಕ್ಕೆ ಕೆಲಸ ಇದ್ದರೆ ಹೋಗುತ್ತೇವೆ, ಸಂಘಕ್ಕೆ ಕೆಲಸ ಇಲ್ಲದಿದ್ದರೂ ಹೋಗುತ್ತೇವೆ. ಹಾಗೆ ಹೋಗುವುದು ಈಗ ಕಷ್ಟವಾಗುತ್ತಿದೆ ಅನ್ನುವುದು ಬೇರೆ ಮಾತು. ಗ್ರೇಟರ್ ನೋಯಿಡಾದಿಂದ ಆರ್.ಕೆ. ಪುರಕ್ಕೆ ಭಾನುವಾರ ಹೋಗಿ ಬಂದರೆ ಸೋಮವಾರ ರಜೆ ಹಾಕಬೇಕು.

ಕೇಂದ್ರ ಎಲ್ಲಿದೆ ಎಂಬ ಪ್ರಶ್ನೆಗೆ ದಿಲ್ಲಿಯೇ ತನ್ನ ರೀತಿಯಲ್ಲಿ ಉತ್ತರ ಕೊಡುತ್ತಿರುತ್ತದೆ. ಜೈಪುರದ ಸವಾಯಿ ಜೈಸಿಂಗ್ 1724ರಲ್ಲಿ ಗ್ರಹಗತಿ ಅಳೆಯಲು ಕಟ್ಟಿಸಿದ ಜಂತರ್ ಮಂತರ್ ಇವತ್ತು ಧರಣಿಗೆ ಮತ್ತೊಂದು ಹೆಸರು. 2024ರ ಫೆಬ್ರವರಿ 7ರಂದು ನಮ್ಮ ಮುಖ್ಯಮಂತ್ರಿ, ಮಂತ್ರಿಗಳೆಲ್ಲ ತೆರಿಗೆ ಪಾಲು ಕೇಳಿಕೊಂಡು ಅಲ್ಲಿಗೇ ಬಂದು ಕೂತರು. ಊರಿನ ಪತ್ರಿಕೆಗಳು ‘ಕೇಂದ್ರದ ವಿರುದ್ಧ’ ಎಂದು ಬರೆದವು, ಆಟೋದವರು “ಇವತ್ತು ಜಂತರ್ ಮಂತರ್ ಕಡೆ ಬರಲ್ಲ, ಯಾರೋ ಸೌತಿನವರು ಬಂದಿದ್ದಾರೆ” ಅಂದರು. ಇದಕ್ಕಿಂತ ದೊಡ್ಡ ವಿಪರ್ಯಾಸ 2020ರ ನವೆಂಬರಿನಿಂದ ಮುಂದಿನ ಡಿಸೆಂಬರಿನ ತನಕ ನಡೆಯಿತು. ಒಳಗೆ ಬಿಡದ ರೈತರು ಸಿಂಘು, ಟೀಕ್ರಿ, ಗಾಜೀಪುರಗಳಲ್ಲಿ ಕೂತರು. ಟ್ರ್ಯಾಕ್ಟರ್ ಟ್ರೈಲರುಗಳೇ ಮನೆ, ರಸ್ತೆಯೇ ಅಡುಗೆಮನೆ, ಟೆಂಟಿನೊಳಗೆ ಪುಸ್ತಕ ಭಂಡಾರ, ಪಕ್ಕದಲ್ಲಿ ದಂತವೈದ್ಯರು. ಒಂದು ವರ್ಷ ದೇಶದ ಕಣ್ಣೆಲ್ಲ ಅಲ್ಲಿತ್ತು. ಆ ಜಾಗಕ್ಕೆ ಜನ ಕೊಟ್ಟ ಹೆಸರು ಬಾರ್ಡರ್. ಕನ್ನಡ ಪತ್ರಿಕೆಗಳೂ ‘ಸಿಂಘು ಗಡಿ’ ಎಂದು ಬರೆದವು, ಅದೃಷ್ಟಕ್ಕೆ ‘ಪ್ರತಿಭಟನಾ ಕೇಂದ್ರ’ ಅನ್ನಲಿಲ್ಲ.

ಹೀಗೆ ಕಟ್ಟೆ, ಸಂತೆಗಳ ಪರ ವಕಾಲತ್ತು ಮಾಡುವವರು ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ, ನನ್ನ ಬಳಿ ಪೂರ್ತಿ ಉತ್ತರ ಇಲ್ಲ. ಅರಳಿಕಟ್ಟೆಯ ಮೇಲೆ ಕೂತವರು ಯಾರು? ಹೆಂಗಸರು ಅದರ ಮುಂದೆ ಸೆರಗು ಹೊದ್ದು ಬಿರಬಿರನೆ ದಾಟಿದರು. ಕೇರಿಯವರು ಚಪ್ಪಲಿ ಕೈಯಲ್ಲಿ ಹಿಡಿದು ದಾಟಿದರು. ಆರೋಗ್ಯ ಕೇಂದ್ರಕ್ಕೆ ಹೋಗಲು ಯಾರ ಅಪ್ಪಣೆಯೂ ಬೇಡ, ಕಡೇಪಕ್ಷ ಕಾನೂನಿನಲ್ಲಿ ಬೇಡ. ಕೇಂದ್ರ ಎಂಬ ಬಣ್ಣಗೆಟ್ಟ ಮಾತಿಗೆ ಜಾತಿ ಇಲ್ಲ, ನೆನಪಿಲ್ಲ. ಕೆಲವರಿಗೆ ಅದೇ ಅದರ ದೊಡ್ಡ ಗುಣ. ದಿಲ್ಲಿಯ ಅಡ್ಡಾ, ಚೌಕುಗಳೂ ಹೊತ್ತು ಮುಳುಗಿದ ಮೇಲೆ ಗಂಡಸರ ಆಸ್ತಿಯೇ. ಮತಗಟ್ಟೆ ನನಗೆ ಇಷ್ಟವಾಗುವುದು ಬಹುಶಃ ಇದಕ್ಕೇ: ಕಟ್ಟೆ ಹತ್ತದವರನ್ನು ಅದು ಸಾಲಿನಲ್ಲಿ ಎಲ್ಲರ ಜೊತೆ ನಿಲ್ಲಿಸಿತು.

ಗುಡಗಾಂವಿನ ಒಂದು ಸೊಸೈಟಿಯಲ್ಲಿ ನಾಲ್ಕಾರು ಕನ್ನಡ ಮನೆಗಳವರು ಸೇರಿ ತಿಂಗಳಿಗೊಮ್ಮೆ ಕೂಡುತ್ತಾರೆ. ಹಾಡು, ಓದು, ಬಿಸಿಬೇಳೆಬಾತು, ಮಕ್ಕಳಿಗೆ ಅರ್ಧ ಗಂಟೆ ಅಕ್ಷರ. ಇದಕ್ಕೊಂದು ಹೆಸರು ಬೇಕು ಎಂದು ಮಾತು ಬಂದಾಗ ‘ಕನ್ನಡ ಕೇಂದ್ರ’ ಎಂದರು ಒಬ್ಬರು, ನಾಲ್ಕು ಜನ ನಕ್ಕರು. ‘ಕನ್ನಡ ಕಟ್ಟೆ’ ಎಂದರು ಇನ್ನೊಬ್ಬರು, ಎಲ್ಲರಿಗೂ ಹಿಡಿಸಿದ ಹಾಗೆ ಕಂಡಿತು. ಮಂಡ್ಯದ ಕಡೆಯವರು, ನಿವೃತ್ತರಾಗಿ ಮಗನ ಮನೆಯಲ್ಲಿರುವ ಹಿರಿಯರು, ಕಾಫಿ ಲೋಟ ಕೆಳಗಿಟ್ಟು, “ನಮ್ಮೂರ ಕಟ್ಟೆ ಮ್ಯಾಲೆ ನಮ್ಮಪ್ಪ ಒಂದಿನಾನೂ ಕುಂತೋರಲ್ಲ ಕಣ್ರಪ್ಪಾ” ಎಂದರು, ಕೋಪವೇನೂ ಇಲ್ಲದೆ. ಜಗಲಿ, ಪಡಸಾಲೆ, ಅಂಗಳ ಎಂದೆಲ್ಲ ಚರ್ಚೆ ನಡೆದು, ಅವುಗಳಿಗೂ ಇದೇ ಕಷ್ಟ ಎಂದು ತಿಳಿದು, ಮುಂದಿನ ಸಲ ನೋಡೋಣ ಎಂದಾಯಿತು. ಮೂರು ಸಲ ಕೂಡಿದ್ದಾಗಿದೆ. ಆಮಂತ್ರಣದಲ್ಲಿ ‘ಸ್ಥಳ’ ಎಂಬುದರ ಮುಂದೆ ಈಗಲೂ ‘ಕ್ಲಬ್ ಹೌಸ್, ಟವರ್ ಬಿ’ ಎಂದೇ ಇರುತ್ತದೆ.